ಕಲ್ಲು ಹೊಡೆದವರ ಕೈಗೇ ಬೀಗದ ಕೈಯೇ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: "ಕಮಲ್ ಹಾಸನ್ ಅವರ 'ಥಗ್ ಲೈಫ್' ಸಿನಿಮಾವನ್ನು ಕರ್ನಾಟಕದಲ್ಲಿ ತಡೆದದ್ದು ತಪ್ಪು ಎನ್ನುವ ಲೇಖನವನ್ನು ನೀವು ಹಾಕಬಾರದಿತ್ತು. ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬ ಅವರ ಮಾತಿನಿಂದ ಕನ್ನಡಿಗರಿಗೆ ನೋವಾಗಿದೆ. ವಾಕ್ ಸ್ವಾತಂತ್ರ್ಯಕ್ಕೂ ಒಂದು ಮಿತಿ ಬೇಡವೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಇನ್ನೊಂದು ವಿಷಯ. ನನ್ನ ಹಿಂದಿನ ಪತ್ರದಲ್ಲಿ ನಾಲ್ಕು ಸಾಲು ಕತ್ತರಿಸಿದ್ದೀರಿ. ಆಗ ನನ್ನ ವಾಕ್ ಸ್ವಾತಂತ್ರ್ಯ ಎಲ್ಲಿ ಹೋಗಿತ್ತು?"

ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. ಪತ್ರದ ಮೊದಲ ಅರ್ಧದಲ್ಲಿ ಬೇರೆಯವರ ಬಾಯಿ ಮುಚ್ಚಿಸಿ ಅನ್ನುತ್ತೀರಿ. ಎರಡನೇ ಅರ್ಧದಲ್ಲಿ ನನ್ನ ಬಾಯಿ ಯಾಕೆ ಮುಚ್ಚಿಸಿದಿರಿ ಎಂದು ಕೇಳುತ್ತೀರಿ. ಹಂಗಿಸಲು ಹೇಳುತ್ತಿಲ್ಲ. ನಮ್ಮೆಲ್ಲರ ಕಥೆ ಹೆಚ್ಚುಕಡಿಮೆ ಇದೇ, ನನ್ನದೂ ಸೇರಿ.

ಗಾದೆಯಿಂದಲೇ ಶುರು ಮಾಡುತ್ತೇನೆ. ಅದು ಮಾತಾಡುವವನಿಗೆ ಹೇಳಿದ ಬುದ್ಧಿಮಾತು, ಪೊಲೀಸರಿಗೆ ಬರೆದ ದೂರಲ್ಲ. ನಾಲಿಗೆ ಬಿಗಿಹಿಡಿಯಪ್ಪಾ ಎಂದು ಅಜ್ಜಿ ಮೊಮ್ಮಗನಿಗೆ ಹೇಳುವುದು ಬೇರೆ, ಪಕ್ಕದ ಮನೆಯವನ ನಾಲಿಗೆ ಕಟ್ಟಿಸಿ ಎಂದು ಠಾಣೆಗೆ ಹೋಗುವುದು ಬೇರೆ.

ಮಿತಿ ಬೇಡವೇ ಎಂದಿರಿ. ಬೇಕು, ಇದೆ ಕೂಡ. ಸಂವಿಧಾನದ 19ನೇ ವಿಧಿ ಒಂದು ಕೈಯಲ್ಲಿ ಮಾತಿನ ಹಕ್ಕು ಕೊಟ್ಟು, ಇನ್ನೊಂದು ಕೈಯಲ್ಲಿ ಮಿತಿಗಳ ಪಟ್ಟಿ ಹಿಡಿದಿದೆ. ಆ ಪಟ್ಟಿಯಲ್ಲಿ ಎಂಟು ಕಾರಣಗಳಿವೆ. ದೇಶದ ಅಖಂಡತೆ, ಭದ್ರತೆ, ಸಾರ್ವಜನಿಕ ಶಾಂತಿ, ಮಾನಹಾನಿ, ನ್ಯಾಯಾಲಯ ನಿಂದನೆ, ಅಪರಾಧಕ್ಕೆ ಪ್ರಚೋದನೆ ಹೀಗೆ. ಎಷ್ಟು ಹುಡುಕಿದರೂ 'ನೋವಾಯಿತು' ಎಂಬ ಕಾರಣ ಅಲ್ಲಿ ಸಿಗುವುದಿಲ್ಲ. ಧರ್ಮದ ವಿಷಯದಲ್ಲಿ ಭಾವನೆಗೆ ಧಕ್ಕೆ ತರುವುದನ್ನು ಅಪರಾಧ ಮಾಡಿದ ಕಾನೂನು 1927ರಿಂದ ಇದೆ, ನಿಜ. ಅಲ್ಲೂ ಬೇಕೆಂದೇ, ಕೆಟ್ಟ ಉದ್ದೇಶದಿಂದ ಮಾಡಿರಬೇಕು. ಭಾಷೆಯ ಅಭಿಮಾನಕ್ಕೆ ಪೆಟ್ಟು ಬಿತ್ತು ಅನ್ನುವುದಕ್ಕೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ನೋವು ಎಲ್ಲಿಂದ ಒಳಗೆ ನುಗ್ಗುತ್ತದೆ? ಸಾರ್ವಜನಿಕ ಶಾಂತಿ ಎಂಬ ಹಿತ್ತಲ ಬಾಗಿಲಿನಿಂದ. ಈ ಬಾಗಿಲಿಗೂ ಒಂದು ಕಥೆಯಿದೆ. ಸಂವಿಧಾನ ಜಾರಿಯಾದಾಗ ಪಟ್ಟಿಯಲ್ಲಿ ಈ ಮಾತು ಇರಲೇ ಇಲ್ಲ. ರೊಮೇಶ್ ಥಾಪರ್ ಅವರ ವಾರಪತ್ರಿಕೆ ತನ್ನ ಗಡಿಯೊಳಗೆ ಬರಬಾರದು ಎಂದು ಮದ್ರಾಸ್ ಸರ್ಕಾರ ತಡೆದಿತ್ತು. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಮರುವರ್ಷವೇ ಸಂವಿಧಾನದ ಮೊದಲ ತಿದ್ದುಪಡಿ ಬಂತು, ಸಾರ್ವಜನಿಕ ಶಾಂತಿ ಪಟ್ಟಿಗೆ ಸೇರಿತು. ಅದರ ಜೊತೆಗೇ ಇನ್ನೊಂದು ಪುಟ್ಟ ಪದವೂ ಸೇರಿತು: ನಿರ್ಬಂಧ 'ಸಮಂಜಸ'ವಾಗಿರಬೇಕು. ನಮ್ಮ ಕೋರ್ಟುಗಳು ಅಂದಿನಿಂದ ಜಗಳವಾಡುತ್ತಿರುವುದು ಈ ಪದದ ಮೇಲೆಯೇ.

ಈಗ ಆಟ ನೋಡಿ. ನಿಮ್ಮ ಮಾತು ನನಗೆ ಹಿಡಿಸಲಿಲ್ಲ. ನಾನು ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಗಾಜು ಒಡೆಯುತ್ತೇನೆ. ಶಾಂತಿ ಕೆಟ್ಟಿತು. ಸರ್ಕಾರ ಬಂದು ನಿಮ್ಮ ಮಾತನ್ನು ನಿಲ್ಲಿಸುತ್ತದೆ. ಕಲ್ಲು ನನ್ನದು, ಬಾಯಿಗೆ ಬೀಗ ನಿಮಗೆ. ಹೀಗಾದರೆ ಹೆಚ್ಚು ಕಲ್ಲು ಯಾರ ಹತ್ತಿರ ಇವೆಯೋ ಅವರ ಭಾವನೆಯೇ ಹೆಚ್ಚು ಸೂಕ್ಷ್ಮ ಎಂದಾಗುತ್ತದೆ, ಅಲ್ವಾ? ಕಲ್ಲು ಎತ್ತಲು ಬಾರದ ಬಡಪಾಯಿಗೆ ನೋವಾದರೆ ಯಾವ ಸಿನಿಮಾ ನಿಲ್ಲುತ್ತದೆ ಹೇಳಿ?

ಇದಕ್ಕೆ ಸುಪ್ರೀಂ ಕೋರ್ಟ್ 1989ರಲ್ಲೇ ಉತ್ತರ ಕೊಟ್ಟಿದೆ. ಅದೂ ಒಂದು ತಮಿಳು ಸಿನಿಮಾದ ವಿಷಯ, ಮೀಸಲಾತಿ ಕುರಿತದ್ದು. ಮಾತಿಗೂ ಅಪಾಯಕ್ಕೂ ಇರುವ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಷ್ಟು ನೇರವಾಗಿರಬೇಕು ಎಂದಿತು ಕೋರ್ಟ್. ವಿರೋಧಿಸುವ ಗುಂಪನ್ನು ನಿಭಾಯಿಸಲು ಆಗುವುದಿಲ್ಲ ಎಂದು ಸರ್ಕಾರ ಕೈ ಚೆಲ್ಲುವಂತಿಲ್ಲ, ನಿಭಾಯಿಸುವುದೇ ಅದರ ಕೆಲಸ ಎಂದೂ ಹೇಳಿತು.

2025ರ ಮಾರ್ಚ್‌ನಲ್ಲಿ ಸಂಸದ ಇಮ್ರಾನ್ ಪ್ರತಾಪಗಢಿ ಪ್ರಕರಣ ಬಂತು. ಅವರು ಹಾಕಿದ ವಿಡಿಯೊದಲ್ಲಿ ಒಂದು ಪದ್ಯವಿತ್ತು, ಅದಕ್ಕೆ ಗುಜರಾತ್ ಪೊಲೀಸರು ಎಫ್‌ಐಆರ್ ಹಾಕಿದ್ದರು. ಕೋರ್ಟ್ ಅದನ್ನು ರದ್ದು ಮಾಡಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಯಲ್ಲಿ ನೋಡಬೇಕು, ಎಲ್ಲದಕ್ಕೂ ಬೆಚ್ಚುವವರ ಅಳತೆಯಲ್ಲಲ್ಲ ಎಂದಿತು. ನಾವು ಕನ್ನಡಿಗರು ಈ ಎರಡರಲ್ಲಿ ಯಾರು ಅಂದುಕೊಳ್ಳಲು ನಿಮಗಿಷ್ಟ?

ಈಗ ಕಮಲ್ ಹಾಸನ್ ವಿಷಯ. 2025ರ ಮೇ ತಿಂಗಳಲ್ಲಿ ಚೆನ್ನೈನ ಒಂದು ಸಮಾರಂಭದಲ್ಲಿ, ಶಿವರಾಜ್‌ಕುಮಾರ್ ಎದುರಿನಲ್ಲೇ, ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದರು. ಪ್ರೀತಿಯಿಂದ ಹೇಳಿದ್ದು ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ಪ್ರೀತಿಯಿಂದ ಹೇಳಿದರೂ ತಪ್ಪು ತಪ್ಪೇ. ಎರಡೂ ಮೂಲ ದ್ರಾವಿಡ ಎಂಬ ಹಳೆಯ ಭಾಷೆಯಿಂದ ಬಂದ ಅಕ್ಕತಂಗಿಯರು. 'ಕಿವಿ'ಗೆ ತಮಿಳರು 'ಸೆವಿ' ಅನ್ನುತ್ತಾರೆ, ನಮ್ಮ 'ಕಿರು' ಅವರಲ್ಲಿ 'ಸಿರು'. ಇಲ್ಲಿ ಹಳೆಯ 'ಕ' ಉಳಿದಿರುವುದು ಕನ್ನಡದಲ್ಲಿ, ಬದಲಾದದ್ದು ತಮಿಳು. ಮಗಳ ಹತ್ತಿರ ತಾಯಿಗಿಂತ ಹಳೆಯ ಒಡವೆ ಹೇಗೆ ಬಂತು? ಹಾಗಂತ ನಾವೇನೂ ಬೀಗಬೇಕಿಲ್ಲ. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆಯಿತು. ತಮಿಳರಲ್ಲಿ ಅದು ಇವತ್ತಿಗೂ 'ಪಾಲ್'. ಇಬ್ಬರೂ ಮನೆಯಿಂದ ಏನೋ ತಂದರು, ಏನೋ ಕಳಕೊಂಡರು.

ಇಷ್ಟು ಹೇಳಿದ್ದರೆ ಅವರ ಮಾತು ಅಲ್ಲೇ ಬಿದ್ದುಹೋಗುತ್ತಿತ್ತು. ಹೈಸ್ಕೂಲು ಹುಡುಗಿಯೂ ಕೊಡಬಹುದಾದ ಉತ್ತರ. ನಾವು ಮಾಡಿದ್ದೇನು? ಚಿತ್ರಮಂದಿರಕ್ಕೆ ಬೆಂಕಿ ಹಚ್ಚುತ್ತೇವೆ ಎಂಬ ಬೆದರಿಕೆಗಳು ಬಂದವು. ಬಿಡುಗಡೆಗೆ ರಕ್ಷಣೆ ಕೋರಿ ಹೋದಾಗ, ಕ್ಷಮೆ ಕೇಳಿದರೆ ಏನಾಯಿತು ಎಂದು ಹೈಕೋರ್ಟ್ ಕೇಳಿತು. ಜೂನ್ 5ರಂದು ಬೇರೆ ಕಡೆ ತೆರೆಕಂಡ ಚಿತ್ರ ಕರ್ನಾಟಕದಲ್ಲಿ ಬರಲಿಲ್ಲ. ಜೂನ್ 17ರಂದು ಸುಪ್ರೀಂ ಕೋರ್ಟ್, ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವಲ್ಲ, ಬೀದಿಯನ್ನು ಗುಂಪುಗಳ ಕೈಗೆ ಬಿಡಲಾಗದು ಎಂದಿತು. ಆಮೇಲೆ ರಕ್ಷಣೆ ಕೊಡುವುದಾಗಿ ನಮ್ಮ ರಾಜ್ಯ ಸರ್ಕಾರ ಬರೆದುಕೊಟ್ಟಿತು. ಚರ್ಚೆಯೆಲ್ಲ ಬೆಂಕಿ, ಕ್ಷಮೆ, ರಕ್ಷಣೆಯ ಮೇಲೆ ಹೋಯಿತು. ಕಿವಿ ಸೆವಿಯ ಮಾತು ಯಾರ ಕಿವಿಗೂ ಬೀಳಲಿಲ್ಲ. ನನಗೆ ನಿಜಕ್ಕೂ ನೋವಾದದ್ದು ಅದಕ್ಕೆ.

ಸಿನಿಮಾ ನೋಡಬೇಡಿ ಎಂದು ನೀವು ಊರೆಲ್ಲ ಸಾರಿದ್ದರೆ ನನ್ನ ತಕರಾರಿಲ್ಲ. ಟಿಕೆಟ್ ಕೊಳ್ಳದಿರುವುದು ನಿಮ್ಮ ಹಕ್ಕು. ಘೋಷಣೆ ಕೂಗಿ, ಕರಪತ್ರ ಹಂಚಿ, ಅವೂ ಮಾತೇ. ಬೆಂಕಿಪೊಟ್ಟಣ ಮಾತ್ರ ಮಾತಲ್ಲ.

ಇನ್ನು ನಿಮ್ಮ ನಾಲ್ಕು ಸಾಲು. 19ನೇ ವಿಧಿ ನಿಮ್ಮನ್ನು ಕಾಯುವುದು ಸರ್ಕಾರದಿಂದ. ಪತ್ರಿಕೆಯ ಪುಟ ಅಷ್ಟೇ ಇರುತ್ತದೆ, ಏನು ಹಾಕಬೇಕೆಂದು ನಾವು ಆರಿಸಲೇಬೇಕು. ಹೀಗೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕತ್ತರಿ ನನ್ನ ಕೈಯಲ್ಲೂ ಇದೆ, ಲೆಕ್ಕ ಕೊಡಬೇಕು. ಕನ್ನಡ ಕಲಿಯದ ಹೊರರಾಜ್ಯದವರ ಬಗ್ಗೆ ನೀವು ಖಾರವಾಗಿ ಬರೆದ ಎರಡು ಪ್ಯಾರಾ ಹಾಗೇ ಅಚ್ಚಾಗಿವೆ. ನಾನು ತೆಗೆದದ್ದು ನಿಮ್ಮ ಊರಿನ ಒಂದು ಬೀದಿಯ ಹೆಸರು ಬರೆದು, ಅಲ್ಲಿಯ ಅಂಗಡಿಯವರಿಗೆ ಇಂಥ ದಿನ ನುಗ್ಗಿ ಬುದ್ಧಿ ಕಲಿಸಿ ಎಂದ ಸಾಲುಗಳನ್ನು. ಅಭಿಪ್ರಾಯಕ್ಕೆ ಬೀದಿಯ ವಿಳಾಸ ಯಾಕೆ ಬೇಕು, ತಾರೀಕು ಯಾಕೆ ಬೇಕು? ಆ ಪಟ್ಟಿಯ 'ಅಪರಾಧಕ್ಕೆ ಪ್ರಚೋದನೆ' ಇರುವುದೇ ಇಂಥದ್ದಕ್ಕೆ.

ಒಂದು ತಪ್ಪನ್ನು ಮಾತ್ರ ಒಪ್ಪುತ್ತೇನೆ. ಕತ್ತರಿಸಿದ್ದನ್ನು ನಿಮಗೆ ತಿಳಿಸಲಿಲ್ಲ. ಒಂದು ಕಾರ್ಡು ಬರೆಯಬೇಕಿತ್ತು, ಸೋಮಾರಿತನ ಮಾಡಿದೆ. ಕ್ಷಮಿಸಿ. ಯಾವ ಕೋರ್ಟೂ ಹೇಳಿಸಿದ್ದಲ್ಲ.

ಆ ಲೇಖನವನ್ನು ಹಾಕಿದ್ದಕ್ಕೆ ನನಗೆ ಬೇಸರವಿಲ್ಲ, ಇಂಥದ್ದನ್ನು ಮತ್ತೆಯೂ ಹಾಕುತ್ತೇನೆ. ಅದಕ್ಕೆ ಉತ್ತರ ನೀವೇ ಬರೆಯಿರಿ, ಬರುವ ಸಂಚಿಕೆಯಲ್ಲಿ ಒಂದು ಪೂರ್ತಿ ಪುಟ ಖಾಲಿ ಇಟ್ಟಿರುತ್ತೇನೆ. ನನ್ನನ್ನು ಬೈದರೂ ಸರಿ. 20ನೇ ತಾರೀಕಿನೊಳಗೆ ಕಳಿಸಿ, ಅಚ್ಚಿಗೆ ಹೋಗುವುದು ಅವತ್ತೇ.