ಸಾಲಮ್ಯಾಂಡರ್ ಮತ್ತು ಕಪ್ಪೆ: ಯಾವುದು ಹೆಚ್ಚು ಸಮರ್ಥ?

ನಮಸ್ಕಾರ. ಹಲ್ಲಿಯಂತೆ ಕಾಣುವ, ಬಾಲವುಳ್ಳ ಸಾಲಮ್ಯಾಂಡರ್ ಮತ್ತು ಕಪ್ಪೆ ಎರಡೂ ಉಭಯವಾಸಿಗಳೇ ಆಗಿರುವಾಗ ಅವುಗಳಲ್ಲಿ ಯಾವುದು ಹೆಚ್ಚು ಸಮರ್ಥ ಎಂದು ತಾವು ಕೇಳಿದ್ದೀರಿ. ಹರಡುವಿಕೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಕಪ್ಪೆಯ ಗೆಲುವು ನಿರ್ವಿವಾದ. ಕಪ್ಪೆಗಳಲ್ಲಿ 7,000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಅಂಟಾರ್ಕ್ಟಿಕಾ ಹೊರತು ಎಲ್ಲ ಖಂಡಗಳಲ್ಲೂ ಅವು ನೆಲೆಸಿವೆ. ಸಾಲಮ್ಯಾಂಡರ್‌ಗಳ ಪ್ರಭೇದಗಳು ಸುಮಾರು 800 ಮಾತ್ರ, ಅವೂ ಬಹುಪಾಲು ಉತ್ತರ ಗೋಳಾರ್ಧದ ತೇವಭರಿತ ಪ್ರದೇಶಗಳಿಗೆ ಸೀಮಿತ. ಜಿಗಿತದಲ್ಲಿಯೂ ಕೂಗಿನಲ್ಲಿಯೂ ಕಪ್ಪೆಗೆ ಸಾಟಿಯಿಲ್ಲ.

ಆದರೆ ನನ್ನ ದೃಷ್ಟಿಯಲ್ಲಿ ಸಾಲಮ್ಯಾಂಡರ್‌ನ ನಿಜವಾದ ಹಿರಿಮೆ ಇರುವುದು ಕಳೆದುಕೊಂಡ ಅಂಗವನ್ನು ಮರಳಿ ಬೆಳೆಸುವ ಶಕ್ತಿಯಲ್ಲಿ. ಮೆಕ್ಸಿಕೋದ ಸಾಲಮ್ಯಾಂಡರ್ ಪ್ರಭೇದವಾದ ಆಕ್ಸೊಲಾಟಲ್‌ನ ಕಾಲು ತುಂಡಾದರೆ, ಗಾಯವನ್ನು ಹೊಸ ಚರ್ಮ ಬೇಗನೆ ಮುಚ್ಚಿಕೊಳ್ಳುತ್ತದೆ. ಅದರಡಿಯಲ್ಲಿ ಬ್ಲಾಸ್ಟೆಮಾ ಎಂಬ ಜೀವಕೋಶಗಳ ಗುಂಪು ರೂಪುಗೊಂಡು, ಮೂಳೆ, ಸ್ನಾಯು, ನರ, ಬೆರಳುಗಳ ಸಮೇತ ಪೂರ್ಣ ಕಾಲನ್ನೇ ಮತ್ತೆ ಕಟ್ಟುತ್ತದೆ. ಗೊದಮೊಟ್ಟೆಗೂ ಆರಂಭದಲ್ಲಿ ಈ ಶಕ್ತಿ ಇರುತ್ತದೆ, ಆದರೆ ಅದು ಕಪ್ಪೆಯಾಗಿ ರೂಪಾಂತರಗೊಳ್ಳುತ್ತಿದ್ದಂತೆ ಕುಂದುತ್ತದೆ. ಆಫ್ರಿಕಾದ ಬೆಳೆದ ಜೆನೋಪಸ್ ಕಪ್ಪೆಯಲ್ಲಿ ಕಾಲಿನ ಜಾಗದಲ್ಲಿ ಮೂಡುವುದು ಬೆರಳಿಲ್ಲದ, ಮೃದ್ವಸ್ಥಿಯ ಒಂದು ಮೊನೆ ಮಾತ್ರ. ಒಂದೇ ವರ್ಗದ ಈ ಇಬ್ಬರಲ್ಲಿ ಇಷ್ಟು ಅಂತರವೇಕೆ ಎಂಬುದು ಜೀವವಿಜ್ಞಾನದ ಅತ್ಯಂತ ಸ್ವಾರಸ್ಯಕರ ಪ್ರಶ್ನೆಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ.

ಪಶ್ಚಿಮ ಘಟ್ಟಗಳಲ್ಲಿ ಸಾಲಮ್ಯಾಂಡರ್‌ಗಳಿಲ್ಲ. ಅವುಗಳನ್ನು ಕಣ್ಣಾರೆ ಕಾಣಬೇಕೆಂದಿದ್ದರೆ, ಮಳೆಗಾಲದಲ್ಲಿ ಡಾರ್ಜಿಲಿಂಗ್ ಬೆಟ್ಟಗಳ ಕೆರೆಗಳತ್ತ, ವಿಶೇಷವಾಗಿ ಜೋರ್‌ಪೋಖ್ರಿ ಅಭಯಾರಣ್ಯದತ್ತ ಹೋಗಬಹುದು.