ನಿಂಬೆಹಣ್ಣು ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ

ಪತ್ರ: ನನ್ನ ಮಗಳನ್ನು ಏನು ಕೇಳಿದರೂ ಫೋನ್ ನೋಡಿ ಅರ್ಧ ನಿಮಿಷದಲ್ಲಿ ಹೇಳುತ್ತಾಳೆ. ಏನು ಮಾಡಬೇಕು ಅಂತ ಗೊತ್ತಿದ್ದರೆ ಸಾಕಲ್ವಾ? ಏಕೆ, ಹೇಗೆ ಅಂತ ಮಕ್ಕಳ ತಲೆ ಯಾಕೆ ತಿನ್ನಬೇಕು?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಮಗಳು ಚುರುಕಾಗಿದ್ದಾಳೆ, ಸಂತೋಷ. ಮಾಹಿತಿ ಕೈಗೆ ಸಿಗುವುದು ಒಳ್ಳೆಯದೇ. ಆದರೆ "ಗೊತ್ತಿದ್ದರೆ ಸಾಕು" ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಸ್ಕರ್ವಿ ಎಂಬ ಕಾಯಿಲೆಯ ಕಥೆ ಕೇಳಿ. ವಸಡು ಊದಿ, ಹಲ್ಲು ಅಲುಗಾಡಿ, ಎಂದೋ ಮಾಯ್ದ ಗಾಯ ಮತ್ತೆ ಬಾಯಿ ಬಿಟ್ಟು ನಾವಿಕರು ಸಾಯುತ್ತಿದ್ದರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ಹಡಗಿನ ವೈದ್ಯ 12 ರೋಗಿಗಳನ್ನು ಜೋಡಿ ಮಾಡಿ, ಜೋಡಿಗೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಮಾಹಿತಿ ಸಿಕ್ಕಿತು. ಯಾಕೆ ಅನ್ನುವುದು ಲಿಂಡ್‌ಗೇ ತಿಳಿಯಲಿಲ್ಲ. ರಸ ಕೆಡದಿರಲಿ ಎಂದು ಕಾಯಿಸಿ ಗಟ್ಟಿ ಮಾಡಿಡಲು ಹೇಳಿದ. ಕಾಯಿಸಿದರೆ ಬೇಕಾದ ಸತ್ವವೇ, ಅಂದರೆ ಸ್ಕರ್ವಿ ತಡೆಯುವ ಸಿ ವಿಟಮಿನ್, ಬಹುಪಾಲು ಹೋಗುತ್ತದೆ!

1795ರಲ್ಲಿ ನೌಕಾಪಡೆ ನಿಂಬೆರಸ ಹಂಚಿತು. ರೋಗ ಇಳಿಯಿತು. 1860ರ ದಶಕದಲ್ಲಿ ಮೆಡಿಟರೇನಿಯನ್‌ನ ದೊಡ್ಡ ಹಳದಿ ನಿಂಬೆ ಬಿಟ್ಟು ವೆಸ್ಟ್ ಇಂಡೀಸ್‌ನ ಸಣ್ಣ ಹಸಿರು ನಿಂಬೆ ಹಿಡಿದರು. ಹುಳಿ ಇದೆಯಲ್ಲ, ಸಾಕು ಅಂದುಕೊಂಡರು. ಅದರಲ್ಲಿ ಸಿ ವಿಟಮಿನ್ ತೀರಾ ಕಡಿಮೆ. ಸ್ಟೀಮರ್ ಬಂದು ಪ್ರಯಾಣ ಬೇಗ ಮುಗಿಯುತ್ತಿದ್ದರಿಂದ ತಪ್ಪು ಕಾಣಲಿಲ್ಲ. 1875ರಲ್ಲಿ ಆರ್ಕ್ಟಿಕ್‌ಗೆ ಹೋದ ಬ್ರಿಟಿಷ್ ತಂಡಕ್ಕೆ, ಹಡಗಿನಲ್ಲಿ ರಸವಿದ್ದೂ, ಸ್ಕರ್ವಿ ಹಿಡಿಯಿತು. ಆಮೇಲೆ ವೈದ್ಯರೇ ನಿಂಬೆಯನ್ನು ಬಿಟ್ಟು ಕೆಟ್ಟ ಮಾಂಸವನ್ನು ದೂರತೊಡಗಿದರು. ಕೈಯಲ್ಲಿದ್ದ ಮದ್ದು ಹೀಗೆ ಜಾರಿಹೋಯಿತು. ಸಿ ವಿಟಮಿನ್ ಯಾವುದೆಂದು ಗುರುತಿಸಲು 1932 ಬರಬೇಕಾಯಿತು.

ಈಗ ನಮ್ಮ ಶಾಲೆಗಳನ್ನು ನೋಡಿ. "ಕಾರಣ ಕೊಡಿ" ಎಂಬ ಪ್ರಶ್ನೆಯ ಕಾರಣವನ್ನೂ ಗೈಡ್‌ನಿಂದ ಬಾಯಿಪಾಠ ಮಾಡಿಸುತ್ತಾರೆ. ಸ್ಕರ್ವಿಗೆ ಸಿ ವಿಟಮಿನ್ ಕೊರತೆ ಕಾರಣ ಅಂತ ಬರೆದರೆ ಅಂಕ ಬಂತು. ಚಿತ್ರಾನ್ನಕ್ಕೆ ಅಮ್ಮ ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿದರೆ ಏನು ಲಾಭ ಅಂತ ಕೇಳಿ, ಅದೇ ಮಗು ಮುಖ ಮುಖ ನೋಡುತ್ತದೆ. ತಾನಾಗಿ ಪ್ರಶ್ನೆ ಕೇಳುವ ಮಗುವಿಗೆ "ಸಿಲಬಸ್‌ನಲ್ಲಿಲ್ಲ, ಸುಮ್ನೆ ಕೂತ್ಕೋ" ಅನ್ನುತ್ತೇವೆ. ಮನೆಗೆ ಬಂದರೆ ಮಾರ್ಕ್ಸ್ ಎಷ್ಟು ಅನ್ನುತ್ತೇವೆ. ಇದನ್ನು ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಪತ್ರ ಬರೆಯುವಷ್ಟು ಕಾಳಜಿ ನಿಮಗಿದೆ. ಮಗಳು ಮುಂದಿನ ಸಲ ಉತ್ತರ ಹೇಳಿದಾಗ "ಹಾಗೇಕೆ?" ಅಂತ ಕೇಳಿ. ತಡವರಿಸಿದರೆ ಬೈಬೇಡಿ, ಫೋನ್ ಪಕ್ಕಕ್ಕಿಟ್ಟು ನೀವೂ ಜೊತೆಗೆ ಕೂತು ಯೋಚಿಸಿ. ಏನಾಯಿತು ಅಂತ ನಮಗೆ ಬರೆಯಿರಿ.

– ಸಂ.