ಕರೆಂಟ್ ಕೇಳಿ: ಮಳೆಯಲ್ಲಿ ನಿಂತ ಗಾಡಿಗೆ ವೈರ್ ಎಳೆಯುವ ಮುನ್ನ

ಪ್ರಶ್ನೆ: ಹಳೇ ಟೆಂಪೊ ಟ್ರಾವೆಲರ್ ಕೊಂಡು ಒಳಗೆ ಮಂಚ, ಸಣ್ಣ ಫ್ರಿಜ್, ಇಂಡಕ್ಷನ್ ಒಲೆ ಕೂಡಿಸಿ ಮೋಟರ್‌ಹೋಮ್ ಮಾಡಿಸಿದ್ದೇವೆ. ಕಳೆದ ಶ್ರಾವಣದಲ್ಲಿ ಶೃಂಗೇರಿ ಕಡೆಯ ಹೋಂಸ್ಟೇ ಒಂದರ ಅಂಗಳದಲ್ಲಿ ನಿಲ್ಲಿಸಿ, ಅವರ ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಕರೆಂಟ್ ತಗೊಂಡೆವು. ರಾತ್ರಿ ಮಳೆಯಲ್ಲಿ ಕೆಳಗಿಳಿದಿದ್ದ ನನ್ನ ಹೆಂಡತಿ ಬಾಗಿಲ ಹಿಡಿ ಮುಟ್ಟಿದಾಗ ಕೈ ಜುಂ ಎಂದಿತು. ಟೆಸ್ಟರ್ ಇಟ್ಟರೆ ಬಾಡಿಯ ಎಲ್ಲ ಕಡೆಯೂ ಮಂದವಾಗಿ ಉರಿಯಿತು. 'ರಬ್ಬರ್ ಟೈರ್ ಮೇಲಿರೋ ಗಾಡಿ, ಏನೂ ಆಗಲ್ಲ' ಅನ್ನುತ್ತಾರೆ ನಮ್ಮ ಭಾವ. ಈ ಮಳೆಗಾಲದಲ್ಲೂ ಹೊರಡುವ ಮನಸ್ಸಿದೆ. ಹೋಗಬಹುದೇ ಸಾರ್?
— ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. ಆದರೆ ಗಾಡಿಯ ವೈರಿಂಗ್ ಸರಿಮಾಡಿಸುವ ತನಕ ಅದನ್ನು ಯಾರ ಮನೆಯ ಪ್ಲಗ್ಗಿಗೂ ಸೇರಿಸಬೇಡಿ. ನಿಮ್ಮ ಮನೆಯವರಿಗೆ ಏನೂ ಆಗಲಿಲ್ಲವಲ್ಲ, ಓದಿ ಸಮಾಧಾನವಾಯಿತು.

ನಿಮ್ಮ ಭಾವನವರಿಗೆ ಇದನ್ನು ಓದಿ ಹೇಳಿ. ಇಲ್ಲಿ ಟೈರ್ ಕಾಪಾಡುವುದಿಲ್ಲ, ಅಪಾಯ ಶುರುವಾಗುವುದೇ ಟೈರಿನಿಂದ. ಗಾಡಿಯ ತಗಡು ನೆಲಕ್ಕೆ ತಾಗಿರುವುದಿಲ್ಲ. ಒಳಗೆಲ್ಲೋ ಫೇಸ್ ವೈರ್ ಸವೆದು ಬಾಡಿಗೆ ಮುಟ್ಟಿದರೆ ಆ ಕರೆಂಟ್ ನೆಲಕ್ಕಿಳಿಯಲು ದಾರಿ ಇಲ್ಲದೆ ಬಾಡಿಯಲ್ಲೇ ಉಳಿಯುತ್ತದೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಒದ್ದೆ ನೆಲದಲ್ಲಿ ನಿಂತು ಬಾಗಿಲ ಹಿಡಿಗೆ ಕೈ ಹಾಕಿದವರ ಮೈಯೇ ಅದಕ್ಕೆ ದಾರಿ. ನೆನೆದ ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಮ್‌ಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. 230 ವೋಲ್ಟ್‌ಗೆ 230 ಮಿಲಿಆಂಪ್ ಆಯಿತು. ಎದೆ ಬಡಿತ ತಪ್ಪಿಸಲು ಅದರ ಕಾಲು ಭಾಗ ಸಾಕು.

ಆ ರಾತ್ರಿ ಆದದ್ದು ಬಹುಶಃ ಅದಲ್ಲ. ಬ್ಯಾಟರಿ ಚಾರ್ಜರ್, ಇಂಡಕ್ಷನ್ ಒಲೆಯಂಥವುಗಳ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅವು ಒಂದಿಷ್ಟು ಕರೆಂಟನ್ನು ಸದಾ ಅರ್ಥ್ ವೈರಿಗೆ ಬಿಡುತ್ತಿರುತ್ತವೆ. ಅರ್ಥ್ ಸರಿಯಿದ್ದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಅರ್ಥ್ ಕಡಿದಿದ್ದರೆ ಬಾಡಿ ಸುಮಾರು 115 ವೋಲ್ಟ್‌ಗೆ ಏರಿ ನಿಲ್ಲುತ್ತದೆ, ಮುಟ್ಟಿದರೆ ಜುಂ ಎನ್ನುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದರಿಂದ ಜೀವ ಹೋಗದು. ಆದರೆ ಅದು ಕೆಪಾಸಿಟರ್ ಸೋರಿಕೆಯೋ, ನಿಜವಾದ ಫೇಸೋ ಎಂದು ಟೆಸ್ಟರ್ ನೋಡಿ ಹೇಳಲಾಗದು. ಎರಡರಲ್ಲಿ ಯಾವುದೇ ಆಗಿರಲಿ, ನಿಮ್ಮ ಗಾಡಿಗೆ ಅರ್ಥ್ ಸಿಕ್ಕಿಲ್ಲ ಎಂಬುದಂತೂ ಖಚಿತ. ಇನ್ನು ಮುಂದೆ ಹಾಗಾದರೆ ಗಾಡಿಯನ್ನು ಮತ್ತೆ ಮುಟ್ಟಿ ನೋಡಬೇಡಿ. ಮನೆಯೊಳಗೆ ಹೋಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಗಾಡಿಯ ಹತ್ತಿರ ಬನ್ನಿ. ಯಾರಾದರೂ ಹಿಡಿದುಕೊಂಡುಬಿಟ್ಟಿದ್ದರೂ ಮೊದಲು ಮೇನ್ ಆರಿಸಿ, ಆಮೇಲೆ ಅವರನ್ನು ಮುಟ್ಟಿ, 108ಕ್ಕೆ ಫೋನ್ ಮಾಡಿ.

ಅರ್ಥ್ ಎಲ್ಲಿ ತಪ್ಪಿತು? ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತಮುತ್ತ ಮನೆ ವೈರಿಂಗ್ ಮಾಡಿಕೊಂಡು ಬಂದ ನಾನು ಮತ್ತೆ ಮತ್ತೆ ಕಂಡದ್ದನ್ನು ಹೇಳುತ್ತೇನೆ. ಹಿಂದೆ ಎಷ್ಟೋ ಮನೆಗಳಲ್ಲಿ ಅರ್ಥ್ ವೈರನ್ನು ಜಿಐ ನೀರಿನ ಪೈಪಿಗೆ ಕಟ್ಟಿ ಬಿಡುತ್ತಿದ್ದರು. ಆಮೇಲೆ ಪೈಪ್ ತುಕ್ಕು ಹಿಡಿಯಿತೆಂದು ಪಿವಿಸಿ ಹಾಕಿಸಿದರು. ವೈರ್ ಇನ್ನೂ ಗೋಡೆಯ ಮೇಲೆ ಕಾಣುತ್ತದೆ, ಅದರ ಇನ್ನೊಂದು ತುದಿ ಮಾತ್ರ ಎಲ್ಲಿಗೂ ಮುಟ್ಟಿಲ್ಲ. ಇನ್ನು ಕೆಲವು ಎಕ್ಸ್‌ಟೆನ್ಷನ್ ಬಾಕ್ಸ್‌ಗಳಲ್ಲಿ ಸಾಕೆಟ್‌ಗೆ ಮೂರು ತೂತು, ಒಳಗಿನ ವೈರ್‌ಗೆ ಎರಡೇ ಎಳೆ. ನಿಮ್ಮ ಬಾಕ್ಸನ್ನು ಬಿಚ್ಚಿ ನೋಡಿ.

ಅಂಗಡಿಯಲ್ಲಿ ಮೂರು ದೀಪದ ಸಾಕೆಟ್ ಟೆಸ್ಟರ್ ಸಿಗುತ್ತದೆ. ಹೋದ ಕಡೆಯಲ್ಲೆಲ್ಲ ಗಾಡಿ ಸೇರಿಸುವ ಮುನ್ನ ಅದನ್ನು ಚುಚ್ಚಿ ನೋಡಿ. ಅರ್ಥ್ ಇಲ್ಲವೆಂದು ತೋರಿಸಿದರೆ ಆ ಸಾಕೆಟ್ ಬಿಟ್ಟುಬಿಡಿ. ಇದೆ ಎಂದು ತೋರಿಸಿದರೂ ಅರ್ಥ್ ಗುಂಡಿ ಎಷ್ಟು ಗಟ್ಟಿ ಎಂದು ಅದು ಹೇಳಲಾರದು.

ಅದಕ್ಕೇ ನಾನು ಮೊದಲು ಕೇಳುವುದು 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಎಲ್ಲಿದೆ ಎಂದು. ಫೇಸಿನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳಿ ಬರದಿದ್ದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಅದು ಬೀಳುತ್ತದೆ. ಕರೆಂಟ್ ಮಿತಿ ಮೀರಿದಾಗಷ್ಟೇ ಬೀಳುವ ಸಾಮಾನ್ಯ ಎಂಸಿಬಿಗೆ ಈ ಸೂಕ್ಷ್ಮ ಇಲ್ಲ. ಲೆಕ್ಕ ನೋಡಿ. ಗಾಡಿಯ ಬಾಡಿಗೆ ತಾಮ್ರ ಲೇಪದ ಒಂದು ಮೀಟರ್ ರಾಡ್ ಸೇರಿಸಿ ಮಳೆ ನೆಲಕ್ಕೆ ಹೊಡೆದಿದ್ದೀರಿ, ಅದರ ರೆಸಿಸ್ಟೆನ್ಸ್ 200 ಓಮ್ ಇದೆ ಅನ್ನಿ. ಫೇಸ್ ಬಾಡಿಗೆ ತಾಗಿದರೆ ನೆಲಕ್ಕೆ ಒಂದು ಆಂಪ್‌ಗಿಂತ ತುಸು ಹೆಚ್ಚು ಹರಿಯುತ್ತದೆ. 16 ಆಂಪ್ ಎಂಸಿಬಿ ಅಲುಗುವುದೂ ಇಲ್ಲ, ಬಾಡಿ ಬೆಳಗಿನ ತನಕ ಫೇಸ್ ಆಗಿಯೇ ಇರುತ್ತದೆ. ಆರ್‌ಸಿಸಿಬಿ ಇದ್ದರೆ ಬಾಗಿಲಿಗೆ ಯಾರೂ ಕೈ ಹಾಕುವ ಮುಂಚೆಯೇ ಬಿದ್ದಿರುತ್ತದೆ. ಅರ್ಥ್ ಏನೂ ಇಲ್ಲದಿದ್ದರೂ ಆರ್‌ಸಿಸಿಬಿ ಬೀಳುತ್ತದೆ, ಆದರೆ ಒಬ್ಬರು ಮುಟ್ಟಿ ಶಾಕ್ ತಿಂದ ಮೇಲೆ. ಆದ್ದರಿಂದ ಎರಡೂ ಬೇಕು. ರಾಡ್ ಹೊಡೆಯುವ ಮುನ್ನ ಅಲ್ಲಿ ಕೇಬಲ್, ಪೈಪ್ ಹೋಗಿದೆಯೇ ಎಂದು ಮನೆಯವರನ್ನು ಕೇಳಿ.

ಆರ್‌ಸಿಸಿಬಿಯನ್ನು ಗಾಡಿಯೊಳಗೆ ಮಾತ್ರ ಹಾಕಿಸಿದರೆ ಅಂಗಳದಲ್ಲಿ ನೆನೆಯುವ ಕೇಬಲ್‌ಗೆ ರಕ್ಷಣೆ ಇಲ್ಲ. ಒಂದು ಸಣ್ಣ ಡಬ್ಬದಲ್ಲಿ ಇನ್ನೊಂದನ್ನು ಕೂರಿಸಿ, ಮನೆಯೊಳಗಿನ ಸಾಕೆಟ್‌ನ ಪಕ್ಕದಲ್ಲೇ ಇಡಿ. ಪ್ರತಿ ಸಲ ಅದರ ಟೆಸ್ಟ್ ಬಟನ್ ಒತ್ತಿ, ಬಿದ್ದರಷ್ಟೇ ಮುಂದುವರಿಯಿರಿ. ಮಳೆಯಲ್ಲಿ ಅದು ಪದೇ ಪದೇ ಬೀಳುತ್ತಿದೆ ಎಂದರೆ ಎಲ್ಲೋ ನೀರು ಸೇರಿದೆ. ಅದನ್ನು ತಪ್ಪಿಸಿ ನೇರ ಲೈನ್ ಕೊಡುವವರನ್ನು ಗಾಡಿಯ ಹತ್ತಿರಕ್ಕೂ ಬಿಡಬೇಡಿ.

ಕೇಬಲ್ 2.5 ಚದರ ಮಿಲಿಮೀಟರ್‌ನ ಮೂರು ಎಳೆಯ ರಬ್ಬರ್ ಕೇಬಲ್ ಇರಲಿ, ನಡುವೆ ಜಾಯಿಂಟ್ ಬೇಡ. ಗಾಡಿಗೆ ನೀಲಿ ಬಣ್ಣದ 16 ಆಂಪ್ ಇಂಡಸ್ಟ್ರಿಯಲ್ ಪ್ಲಗ್ ಹಾಕಿಸಿ. ಪಿನ್‌ಗಳಿರುವ ಭಾಗ ಗಾಡಿಯಲ್ಲಿ, ತೂತಿರುವ ಭಾಗ ಕೇಬಲ್‌ನಲ್ಲಿ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಕೊಡುವವರಿದ್ದಾರೆ, ಮುಟ್ಟಬೇಡಿ: ಒಂದು ತುದಿ ಸಾಕೆಟ್‌ನಲ್ಲಿದ್ದರೆ ಇನ್ನೊಂದು ತುದಿಯಲ್ಲಿ ಬೆತ್ತಲೆ ಫೇಸ್ ಇರುತ್ತದೆ. ಪ್ಲಗ್ ಮೇಲೆ ಐಪಿ44 ಎಂದಿದ್ದರೆ ಎರಚಲು ತಡೆಯುತ್ತದೆ ಎಂದಷ್ಟೇ ಅರ್ಥ. ನೀರಲ್ಲಿ ಬಿದ್ದಿರಲು ಅದು ಸಾಲದು. ಪ್ಲಾಸ್ಟಿಕ್ ಕವರ್ ಸುತ್ತಿ ಟೇಪ್ ಹಚ್ಚುವುದೂ ಬೇಡ, ಒಳಗೆ ಬೆವರಿದ ನೀರು ಹೊರಗೆ ಬರುವುದಿಲ್ಲ. ಕೇಬಲ್ ಗಾಡಿಗೆ ಸೇರುವ ಮುನ್ನ ಒಮ್ಮೆ ಕೆಳಕ್ಕೆ ಜೋತು ಮೇಲೇರುವಂತೆ ಬಿಡಿ, ಅದರ ಮೇಲೆ ಇಳಿದ ಮಳೆನೀರು ಕೆಳಗೇ ತೊಟ್ಟಿಕ್ಕುತ್ತದೆ.

ಸೇರಿಸುವಾಗ ಮೊದಲು ಗಾಡಿಯ ಕಡೆ, ಆಮೇಲೆ ಮನೆಯ ಕಡೆ, ಕೊನೆಗೆ ಸ್ವಿಚ್. ಬಿಚ್ಚುವಾಗ ತಿರುವುಮುರುವು. ಅಡುಗೆಮನೆಯ 6 ಆಂಪ್ ಸಾಕೆಟ್ ಸುಮಾರು 1380 ವಾಟ್‌ಗಷ್ಟೇ. 2000 ವಾಟ್ ಇಂಡಕ್ಷನ್ ಅದಕ್ಕೆ ಹೊರೆ, ಗ್ಯಾಸ್ ಒಲೆ ಇಟ್ಟುಕೊಳ್ಳಿ. ಗುಡುಗು ಕೇಳಿಸತೊಡಗಿದರೆ ಪ್ಲಗ್ ಕಿತ್ತು ರಾತ್ರಿಯನ್ನು ಬ್ಯಾಟರಿಯಲ್ಲಿ ಕಳೆಯಿರಿ. ಫ್ರಿಜ್‌ನಲ್ಲಿ ಹಾಲು ಒಡೆದರೆ ಒಡೆಯಲಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಹಾಸನದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಮೋಟರ್‌ಹೋಮ್ ಬಾಡಿಗೆಗೆ ಪಡೆದು ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗುವವರಿದ್ದೇವೆ. ಅಲ್ಲಿ ಸದಾ ಮಳೆ. ಹೊರಡುವ ಹಿಂದಿನ ರಾತ್ರಿ ಫ್ರಿಜ್ ತಂಪಾಗಲು ಮನೆಯ ಪ್ಲಗ್ಗಿಗೇ ಸೇರಿಸಿಡಬಹುದೇ?
— ಓದುಗರು, ಮ್ಯಾಂಚೆಸ್ಟರ್

ಉತ್ತರ: ಕ್ಯಾಂಪ್‌ಸೈಟ್‌ನ ಬಗ್ಗೆ ನಿಮಗೆ ಅಷ್ಟು ಚಿಂತೆ ಬೇಡ. ಗಾಡಿಗಳಿಗೆ ಕರೆಂಟ್ ಕೊಡಲು ನಿಯಮದಂತೆ ಕಟ್ಟಿದ ಕಂಬದಲ್ಲಿ ಪ್ರತಿ ನೀಲಿ ಸಾಕೆಟ್‌ಗೂ ಅದರದೇ 30 ಮಿಲಿಆಂಪ್ ರಕ್ಷಣೆ ಇರುತ್ತದೆ. 25 ಮೀಟರ್‌ನ ಕಿತ್ತಳೆ ಕೇಬಲ್ ಕೊಡುತ್ತಾರೆ. ಅದನ್ನು ಸುರುಳಿಯಲ್ಲಿ ಬಿಡಬೇಡಿ, ಪೂರ್ತಿ ಬಿಚ್ಚಿ ಹರಡಿ. ಹೀಟರ್ ಹಾಕಿದಾಗ ಸುರುಳಿ ಕಾದು ಕೇಬಲ್‌ನ ಸಿಪ್ಪೆಯೇ ಕರಗಬಹುದು. ಕೆಲವು ಕಡೆ 10 ಆಂಪ್ ಮಾತ್ರ ಸಿಗುತ್ತದೆ. ಅಲ್ಲಿನ 3 ಕಿಲೋವಾಟ್ ಕೆಟಲ್ ಒಂದೇ 13 ಆಂಪ್ ಎಳೆಯುತ್ತದೆ. ಅಮ್ಮನ ಕಾಫಿಗೆ ಸಣ್ಣ ಕೆಟಲ್ ತಗೊಳ್ಳಿ.

ಮನೆಯ ಪ್ಲಗ್ಗಿಗೆ ಬೇಡ ಎನ್ನುತ್ತೇನೆ. ಬ್ರಿಟನ್ನಿನ ಬಹಳಷ್ಟು ಮನೆಗಳಿಗೆ ಅರ್ಥ್ ಮತ್ತು ನ್ಯೂಟ್ರಲ್ ಒಂದೇ ತಂತಿಯಲ್ಲಿ ಬರುತ್ತವೆ. ಬೀದಿಯಲ್ಲಿ ಆ ತಂತಿ ಕಡಿದರೆ ಅರ್ಥ್ ವೈರೇ ಫೇಸಿನಂತೆ ಆಗುತ್ತದೆ, ಗಾಡಿಯ ಬಾಡಿಯೂ ಹಾಗೆಯೇ. ಅದನ್ನು ಆರ್‌ಸಿಡಿ (ನಮ್ಮ ಆರ್‌ಸಿಸಿಬಿಯಂಥದ್ದೇ) ಹಿಡಿಯುವುದಿಲ್ಲ. ಮನೆಯೊಳಗೆ ಎಲ್ಲ ಲೋಹವೂ ಒಂದೇ ವೋಲ್ಟ್‌ಗೆ ಏರುವುದರಿಂದ ಬಚಾವ್, ಹೊರಗೆ ಒದ್ದೆ ನೆಲದಲ್ಲಿ ನಿಂತವರಿಗೆ ಆ ಭಾಗ್ಯವಿಲ್ಲ. ಇದೇ ಕಾರಣಕ್ಕೆ ಅಲ್ಲಿನ 2002ರ ವಿದ್ಯುತ್ ಸುರಕ್ಷತಾ ನಿಯಮಗಳು ಆ ಬಗೆಯ ಅರ್ಥನ್ನು ಕ್ಯಾರವಾನ್ ಮತ್ತು ದೋಣಿಯ ಲೋಹಕ್ಕೆ ಸೇರಿಸಬಾರದು ಎನ್ನುತ್ತವೆ. ಫ್ರಿಜ್ ಗ್ಯಾಸ್‌ನಲ್ಲೂ ನಡೆಯುವಂಥದ್ದಾದರೆ ಅದರಲ್ಲೇ ತಂಪು ಮಾಡಿ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಹೋಂಸ್ಟೇ. ಮೋಟರ್‌ಹೋಮ್‌ನವರು ಬಂದು ಕರೆಂಟ್ ಕೇಳುತ್ತಾರೆ. ಏನು ವ್ಯವಸ್ಥೆ ಮಾಡಲಿ?
— ಓದುಗರು, ಹಾಸನ ಜಿಲ್ಲೆ

ಉತ್ತರ: ಕಿಟಕಿಯಿಂದ ವೈರ್ ಕೊಡುವುದನ್ನು ನಿಲ್ಲಿಸಿ. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕರೆದು ಅಂಗಳದಲ್ಲಿ ಒಂದು ಕಂಬ ನಿಲ್ಲಿಸಿ, ಸೊಂಟದೆತ್ತರಕ್ಕೆ, ಮೇಲೊಂದು ತಗಡಿನ ಮಾಡು. ಅದರಲ್ಲಿ ನೀಲಿ 16 ಆಂಪ್ ಸಾಕೆಟ್, ಒಂದೊಂದು ಸಾಕೆಟ್‌ಗೂ ಬೇರೆ ಎಂಸಿಬಿ, ಬೇರೆ 30 ಮಿಲಿಆಂಪ್ ಆರ್‌ಸಿಸಿಬಿ. ಕಂಬಕ್ಕೆ ಅದರದೇ ಅರ್ಥ್ ಗುಂಡಿ ತೆಗೆಸಿ, ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥ್ ಟೆಸ್ಟರ್‌ನಲ್ಲಿ ಅಳೆಸಿ. ಮಳೆಗಾಲದಲ್ಲಿ ಅಳೆದರೆ ಎಲ್ಲ ಗುಂಡಿಯೂ ಒಳ್ಳೆಯದೆಂದೇ ತೋರುತ್ತದೆ. ಲೋಡ್ ಹೆಚ್ಚುವುದರಿಂದ ಚೆಸ್ಕಾಂಗೆ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಳ್ಳಿ.

ನಿಮ್ಮಲ್ಲಿ ಕರೆಂಟ್ ಹೋದಾಗ ಜನರೇಟರ್ ಹಾಕುತ್ತೀರಾದರೆ ಅದನ್ನೂ ಆ ಕಾಂಟ್ರಾಕ್ಟರ್‌ಗೆ ತೋರಿಸಿ. ಸಣ್ಣ ಪೆಟ್ರೋಲ್ ಜನರೇಟರ್‌ಗಳಲ್ಲಿ ಹೆಚ್ಚಿನವುಗಳ ನ್ಯೂಟ್ರಲ್ ಭೂಮಿಗೆ ಸೇರಿರುವುದಿಲ್ಲ. ಹಾಗಿರುವಾಗ ಬಾಡಿಗೆ ಫೇಸ್ ತಾಗಿದರೂ ಆರ್‌ಸಿಸಿಬಿ ಬೀಳುವುದಿಲ್ಲ. ಅದನ್ನು ಸರಿಯಾಗಿ ಅರ್ಥ್ ಮಾಡಿಸುವ ತನಕ ಜನರೇಟರ್ ಓಡುವಾಗ ಅಂಗಳದ ಕಂಬಕ್ಕೆ ಕರೆಂಟ್ ಕೊಡಬೇಡಿ.